ಹನ್ನೆರಡು ಮುಚ್ಚಳ

ತಗಡಿನ ಟ್ರಂಕು ಮಾಡುವ ಅಕ್ರಂ ಪಾಷಾ ಅವರ ಮನೆಯಲ್ಲಿ ಊಟ, ಮುದ್ದು, ದುಆ-ಪ್ರಾರ್ಥನೆ ಎಲ್ಲವೂ ಉರ್ದುವಿನಲ್ಲಿ ನಡೆಯುತ್ತಿದ್ದವು. ಜಗಳ ಮಾತ್ರ ಅಪ್ಪಟ ಮಳವಳ್ಳಿ ಕನ್ನಡದಲ್ಲಿ. ಬೈಯುವುದಕ್ಕೆ ಅದರಷ್ಟು ಅನುಕೂಲದ ಭಾಷೆ ಇನ್ನೊಂದಿಲ್ಲವೆಂದು ಯಜಮಾನಿ ಸುಲ್ತಾನ್ ಬೀಗೆ ಖಾತ್ರಿಯಾಗಿತ್ತು. ಆ ಮಂಗಳವಾರ ಬೆಳಿಗ್ಗೆ ಅತ್ತೆ ಕನ್ನಡದಲ್ಲೇ ಬಾಯಿ ತೆರೆದಾಗ, ಅಡುಗೆಮನೆಯಲ್ಲಿದ್ದ ಸೊಸೆ ಬುಷ್ರಾ ಗ್ಯಾಸು ಸಣ್ಣಗೆ ಮಾಡಿ ಕಿವಿಗೊಟ್ಟಳು.

"ಈ ನಡುಮನೆ ಯಾರ್ದು? ನಂದಾ, ಇಲ್ಲಾ ತಗಡಿಂದಾ?" ಸುಲ್ತಾನ್ ಬೀ ಚಹಾ ಲೋಟ ಕುಕ್ಕಿದರು. "ನೆಂಟ್ರು ಬಂದ್ರೆ ಚಾಪೆ ಹಾಸಕ್ಕೆ ಜಾಗ ಇಲ್ಲ. ಮೊನ್ನೆ ನಮ್ಮಕ್ಕ ಬಂದವ್ಳು ಟ್ರಂಕಿನ ಮೇಲೆ ಕೂತು ಎದ್ದು ಹೋದ್ಲು!"

"ಅದ್ಕೇ ಹೇಳ್ತಿರೋದು ಅಮ್ಮಿ." ಮಗ ಅಕೀಲ್ ಈ ಮಾತಿಗೇ ಕಾದಿದ್ದವನ ಹಾಗೆ ಫೋನು ಮುಂದೆ ಹಿಡಿದ. "ನೋಡು, ಎಂಟಡಿ ಬೆಂಡಿಂಗ್ ಮೆಷಿನ್ನು. ಮೋಟರಿಂದು. ಶೀಟು ಒಳಕ್ಕೆ ತಳ್ಳಿ ಪೆಡಲ್ ತುಳುದ್ರೆ ಮಡಚ್ಕೊಂಡು ಬತ್ತದೆ. ಅಬ್ಬಾ ಮರದ ಕೊಡತಿ ಹಿಡ್ಕೊಂಡು ಬಡಿಯಕ್ಕೆ ಒದ್ದಾಡೋದು ಬ್ಯಾಡ. ಮದ್ದೂರು ರಸ್ತೇಲಿ ದೊಡ್ಡಸಿದ್ದಯ್ಯನೋರ ಶೆಡ್ಡು ಖಾಲಿ ಐತೆ. ಎಲ್ಲಾ ಅಲ್ಲಿಗೆ ಸಾಗಿಸ್ಬುಡಾನ."

ಅಕ್ರಂ ಪಾಷಾ ಬಲಭುಜ ಒತ್ತಿಕೊಳ್ಳುತ್ತಾ ಕೇಳಿದರು: "ಮನೇಲಿ ಇಟ್ಕೊಳ್ಳೋ ಅಂಥದ್ದು ಬರಕಿಲ್ವೇನಪ್ಪ?"

"ನಾಕಡೀದು ಬತ್ತದೆ, ಕೈಯಲ್ಲಿ ಎಳಿಯೋದು. ಅದು ಮಕ್ಳಾಟದ ಸಾಮಾನು ಅಬ್ಬಾ."

ಬುಷ್ರಾ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. "ಶೆಡ್ಡಲ್ಲಿ ಶೀಟಿಗೆ ಗೀಟು ಯಾರು ಹಾಕ್ತಾರೆ?"

"ಯಾರೋ ಹಾಕ್ತಾರೆ. ಅಜ್ಜನ ಪಟ್ಟಿ ಮೇಲೆ ಅಳತೆ ಗುರುತು ಐತಲ್ಲ. ಅದ್ಕೇನು ಕಾಲೇಜು ಓದಿರ್ಬೇಕಾ?"

ಬುಷ್ರಾ ಒಲೆಯ ಕಡೆ ತಿರುಗಿದಳು.

ಅವಳು ಕಿರುಗಾವಲಿನ ಹುಡುಗಿ. ಅಪ್ಪ ಆಲಿಕೆ, ಡಬ್ಬ, ಕೋಳಿಗೂಡಿನ ತಟ್ಟೆ ಮಾಡಿ ಮಾರುತ್ತಿದ್ದವನು. ಅವನ ಪಕ್ಕ ಕೂತು ಕೂತು ತಗಡಿನ ಸ್ವಭಾವ ಅವಳ ಬೆರಳಿಗೆ ಹತ್ತಿತ್ತು. ಮದುವೆಯಾಗಿ ಬಂದ ಎರಡನೇ ವರ್ಷ ಮಾವನ ಕಣ್ಣು ಮಂಜಾಗಿ, ಶೀಟಿನ ಮೇಲೆ ಒಂದು ಗೀಟು ಡೊಂಕಾಯಿತು. "ಕೊಡಿ ಮಾಮಾ" ಎಂದು ಗೀಟು ಕೊರೆಯುವ ಮೊಳೆ ಈಸಿಕೊಂಡು ಅವಳೇ ಎಳೆದುಕೊಟ್ಟಳು. ಆವತ್ತಿನಿಂದ ಗೀಟು ಅವಳದಾಯಿತು. ದಿನಾ ಪಾತ್ರೆ ಮುಗಿಸಿ, ಮಗಳು ಅಕ್ಸಾಳನ್ನು ಸ್ಕೂಲಿಗೆ ಅಟ್ಟಿ, ಹತ್ತರಿಂದ ಹನ್ನೆರಡರ ತನಕ ನಡುಮನೆಯಲ್ಲಿ ಹಾಸಿದ ಶೀಟಿನ ಮೇಲೆ ಕೂತು ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಚಬೇಕು ಎಂದು ಗೀಚುತ್ತಿದ್ದಳು. ಆ ಎರಡು ಗಂಟೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಮಡಚುವುದು, ಬಡಿಯುವುದು ಗಂಡಸರ ಪಾಲು. ಟ್ರಂಕು ತಯಾರಾದ ಮೇಲೆ ಊರೆಲ್ಲಾ "ಅಕೀಲನ ಕೆಲಸ" ಎನ್ನುತ್ತಿತ್ತು. ಅದಕ್ಕೆ ಅವಳ ತಕರಾರಿರಲಿಲ್ಲ. ಈ ಕೆಲಸವನ್ನು ಯಾರೂ ಅವಳ ಕೈಗೆ ಕೊಟ್ಟಿರಲಿಲ್ಲ. ಹಾಗಾಗಿ ಕಿತ್ತುಕೊಳ್ಳುವಾಗಲೂ ಯಾರೂ ಅವಳಿಗೊಂದು ಮಾತು ಹೇಳಬೇಕಾಗಿರಲಿಲ್ಲ. ಮದ್ದೂರು ರಸ್ತೆಯ ಶೆಡ್ಡಿಗೆ, ಲಾರಿ ಡ್ರೈವರುಗಳು ಬಂದು ನಿಲ್ಲುವ ಜಾಗಕ್ಕೆ, ಸುಲ್ತಾನ್ ಬೀ ಸೊಸೆಯನ್ನು ಕಳಿಸುವವರಲ್ಲ. ಶೆಡ್ಡು ಬಂದರೆ ಬುಷ್ರಾಗೆ ಉಳಿಯುವುದು ಒಲೆ ಮತ್ತು ಪೊರಕೆ.

ಗುರುವಾರ ಕೊಪ್ಪದಿಂದ ಯಶೋದಮ್ಮ ಬಂದರು. ಹೆಂಗಸರ ಸಂಘದ ಅಧ್ಯಕ್ಷೆ, ಮಾತು ಕಲ್ಲಿನ ಮೇಲೆ ಕಲ್ಲು ಬಿದ್ದ ಹಾಗೆ.

"ಪಾಸಣ್ಣ, ನಮ್ ಸಂಗದ ಹನ್ನೆರಡು ಜನಕ್ಕೂ ಬೂಸದ ಪೆಟ್ಗೆ ಬೇಕು. ಇಲಿ ಮೂತಿನೂ ತೂರ್ಬಾರ್ದು, ಹಂಗೆ ಮುಚ್ಳ ಕೂರ್ಬೇಕು. ಹೋದ ಸರ್ತಿ ಬ್ಯಾರೆ ಕಡೆ ಮಾಡ್ಸಿ, ಇಲಿ ಒಳಕ್ಕೋಗಿ ಸಂಸಾರನೇ ಹೂಡ್ಬುಟ್ಟಿತ್ತು."

"ಹದಿನೈದು ದಿನ ಕೊಡಿ ಯಶೋದಮ್ಮ," ಎಂದರು ಅಕ್ರಂ ಪಾಷಾ.

"ಹದಿನೈದಂದ್ರೆ ಹದಿನೈದೇ. ಮುಂದಿನ್ ವಾರ ಬಿಟ್ಟು ಅದರ ಮುಂದಿನ್ ಶುಕ್ರವಾರ ಟೆಂಪೋ ತತ್ತೀನಿ." ಅವರ ಕಣ್ಣು ಬುಷ್ರಾಳ ಮೇಲೆ ಬಿತ್ತು. "ನೀನು ಕಿರುಗಾವಲು ಡಬ್ಬದ ಸಾಬ್ರ ಮಗಳಲ್ವಾ? ನಂಗೂ ಅದೇ ತವರು ಕಣವ್ವ. ಏನದು ಕೈಯಲ್ಲಿ?"

ಬುಷ್ರಾಳ ಕೈಯಲ್ಲಿ ಎರಡು ಬೆರಳಗಲದ ತಗಡಿನ ಚೂರಿತ್ತು. ಹೊಸ ಶೀಟು ಬಂದಾಗೆಲ್ಲ ಅವಳು ಅಂಥದ್ದೊಂದು ಕತ್ತರಿಸಿ, ಮಾವನಿಂದ ರೈಲು ಹಳಿಯ ತುಂಡಿನ ಮೇಲೆ ಮಡಚಿಸಿ, ಅಳೆದು ನೋಡುತ್ತಿದ್ದಳು. ಒಂದೊಂದು ತಗಡೂ ಒಂದೊಂದು ಥರ ಮಡಚಿಕೊಳ್ಳುತ್ತದೆ. ಅದನ್ನು ನೋಡಿದ ಮೇಲೇ ಗೀಟು.

"ಚೂರು, ಯಶೋದಮ್ನೋರೇ. ಮೊದ್ಲು ಚೂರು ನೋಡ್ಬೇಕು."

"ಅನ್ನ ಬೆಂದದ್ದು ಅಗುಳಲ್ಲಿ ನೋಡ್ದಂಗೆ ಅನ್ನು."

"ವೇಸ್ಟು ಅನ್ನಿ," ಎಂದ ಅಕೀಲ್. ಎಲ್ಲರೂ ನಕ್ಕರು, ಬುಷ್ರಾ ಒಬ್ಬಳನ್ನು ಬಿಟ್ಟು.

ಅದಾದ ನಾಲ್ಕನೇ ದಿನ ಆಗಬಾರದ್ದು ಆಯಿತು. ಸ್ಕೂಲಿನಿಂದ ಓಡಿ ಬಂದ ಅಕ್ಸಾ ಚಪ್ಪಲಿ ಹೊರಗೆ ಬಿಟ್ಟು ನಡುಮನೆ ದಾಟುವಾಗ ಒಂದು ಚೂರಿನ ಅಂಚು ಪಾದದಡಿ ಕಚಕ್ಕನೆ ಕೊಯ್ಯಿತು. ಆರು ಹೊಲಿಗೆ. ಸರ್ಕಾರಿ ಆಸ್ಪತ್ರೆಯಿಂದ ಬರುವಾಗ ಮಗು ಅಪ್ಪನ ಹೆಗಲ ಮೇಲೆ ಬಿಕ್ಕುತ್ತಿತ್ತು. ಬುಷ್ರಾ ಹಿಂದೆ ನಡೆಯುತ್ತಿದ್ದಳು. ಆ ಚೂರು ಅವಳದೇ. ಬೆಳಿಗ್ಗೆ ಅನ್ನ ಉಕ್ಕಿತೆಂದು ಎದ್ದು ಹೋದವಳು ಅದನ್ನು ಎತ್ತಿಡುವುದನ್ನೇ ಮರೆತಿದ್ದಳು.

ಸುಲ್ತಾನ್ ಬೀ ಹೊಸಿಲಲ್ಲೇ ನಿಂತಿದ್ದರು. "ಸಾಕು. ಇನ್ನು ಒಂದು ತಗಡೂ ಈ ಹೊಸ್ಲು ದಾಟ್ಕೂಡ್ದು. ಅಕೀಲ್, ನಾಳೆನೇ ದೊಡ್ಡಸಿದ್ದಯ್ಯಂಗೆ ಅಡ್ವಾನ್ಸು ಕೊಟ್ಟು ಬಾ."

"ಕಾಲು ವಾಸಿ ಆಗೋತನ್ಕ..." ಎಂದು ಅಕ್ರಂ ಪಾಷಾ ಶುರು ಮಾಡಿದರು.

"ನೀವು ಸುಮ್ನಿರಿ. ನಲವತ್ತು ವರ್ಷ ಕಟಕಟ ಕೇಳಿ ನನ್ ಕಿವಿ ಹೋಗದೆ. ಮೊಮ್ಮಗಳ ಕಾಲೂ ಹೋಗ್ಬೇಕಾ?" ಆಮೇಲೆ ಸೊಸೆ ಕಡೆ ತಿರುಗಿದರು. "ನೀನೂ ತಾಯಿ ಅಲ್ವಾ? ಮಗಾ ದೊಡ್ಡದಾ, ಚೂರು ದೊಡ್ಡದಾ?"

ಬುಷ್ರಾ ಆ ದಿನ ಊಟ ಮಾಡಲಿಲ್ಲ. ಯಾರೂ ಬಲವಂತ ಮಾಡಲೂ ಇಲ್ಲ.

ಅಕೀಲ್ ಅಡ್ವಾನ್ಸು ಕೊಟ್ಟು ಬಂದ. ಆದರೆ ಅಷ್ಟು ದೊಡ್ಡ ಮೆಷಿನ್ನು ಕೊಳ್ಳುವ ಮುಂಚೆ ಅಪ್ಪನಿಗೆ ತೋರಿಸಿ ಒಪ್ಪಿಸಬೇಕಿತ್ತು. ಪೆಟ್ಟಿಗೆಗಳ ಒಡಲು ಅಷ್ಟರಲ್ಲಿ ಮನೆಯಲ್ಲೇ ತಯಾರಾಗಿತ್ತು. ಬುಷ್ರಾ ಗೀಟು ಹಾಕಿದ್ದು, ಅಕ್ರಂ ಪಾಷಾ ಭುಜನೋವು ನುಂಗಿಕೊಂಡು ಕೊಡತಿಯಲ್ಲಿ ಮಡಚಿದ್ದು. ಉಳಿದದ್ದು ಮುಚ್ಚಳ. ಮದ್ದೂರಿನಲ್ಲಿ ಪರಿಚಯದವನೊಬ್ಬನ ಹತ್ತಿರ ಅಂಥದ್ದೇ ಮೋಟರ್ ಮೆಷಿನ್ನಿತ್ತು. ಹನ್ನೆರಡು ಮುಚ್ಚಳವನ್ನೂ ಅಲ್ಲೇ ಮಡಚಿಸಿಕೊಂಡು ಬರುತ್ತೇನೆ, ನೀವೇ ನೋಡಿ ಎಂದು ಅಕೀಲ್ ಹೊರಟ.

ಜಗಲಿಯ ಮೇಲೆ ಶೀಟು ಹಾಸಿ ಅವನೇ ಗೀಟು ಹಾಕುತ್ತಿದ್ದ. ಕೈಯಲ್ಲಿ ಅಜ್ಜನ ಕಾಲದ ಕಬ್ಬಿಣದ ಪಟ್ಟಿ. ಟ್ರಂಕಿಗೆ ಇಷ್ಟು, ಡಬ್ಬಕ್ಕೆ ಇಷ್ಟು, ಮುಚ್ಚಳಕ್ಕೆ ಇಷ್ಟು ಎಂದು ಅದರ ಮೈಮೇಲೆ ಅರದಲ್ಲಿ ಕೊರೆದ ಗುರುತುಗಳು. ಬುಷ್ರಾ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ತಡೆಯಲಾಗಲಿಲ್ಲ.

"ಒಂದು ಚೂರು ತಗಂಡೋಗಿ. ಆ ಮೆಷಿನ್ನಲ್ಲಿ ಮೊದ್ಲು ಅದ್ನ ಮಡಚಿ ನೋಡಿ. ಆ ಪಟ್ಟಿ ಗುರುತು ಕೊಡತಿ ಕೆಲ್ಸಕ್ಕೆ ಹಾಕಿರೋದು."

ಅಕೀಲ್ ತಲೆ ಎತ್ತಲಿಲ್ಲ. "ಆ ಚೂರೇ ಅಲ್ವಾ ಮಗೀನ ಕಾಲು ಕುಯ್ದಿದ್ದು?"

ಅವಳು ಒಳಗೆ ಹೋದಳು.

ಬುಧವಾರ ಸಂಜೆ ಆಟೋದಲ್ಲಿ ಹನ್ನೆರಡು ಮುಚ್ಚಳ ಬಂದವು. ನೋಡಲು ಬಲು ಚೆಂದ. ಮೂಲೆಗಳು ಚಾಕುವಿನಲ್ಲಿ ಕೊಯ್ದ ಹಾಗಿದ್ದವು. ಸುಲ್ತಾನ್ ಬೀ ಕೂಡ ಕೈಯಾಡಿಸಿ "ಪರವಾಗಿಲ್ವೇ" ಎಂದರು. ಅಕೀಲ್ ಗೆದ್ದವನ ಹಾಗೆ ಒಂದನ್ನು ಎತ್ತಿ ಪೆಟ್ಟಿಗೆಯ ಮೇಲಿಟ್ಟು ಒತ್ತಿದ.

ಕೂರಲಿಲ್ಲ.

ತಿರುಗಿಸಿಟ್ಟ. ಕೂರಲಿಲ್ಲ. ಇನ್ನೊಂದು ತೆಗೆದುಕೊಂಡ, ಮತ್ತೊಂದು. ಒಂದು ಕಡೆ ಇಳಿದರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತಿತ್ತು. ಉಗುರಿನಷ್ಟು ಚಿಕ್ಕದು, ಅಷ್ಟೇ. ಮೊಣಕಾಲು ಊರಿ ಗುದ್ದಿದ. ಮುಚ್ಚಳದ ಅಂಚು ಸೊಟ್ಟಗಾಯಿತೇ ಹೊರತು ಕೂರಲಿಲ್ಲ. ಹನ್ನೆರಡರಲ್ಲಿ ಒಂದೂ ಕೂರಲಿಲ್ಲ. ನಾಳೆ ಬಿಟ್ಟು ನಾಡಿದ್ದು ಶುಕ್ರವಾರ.

"ಪೆಟ್ಟಿಗೆ ದೊಡ್ಡದು ಮಾಡಿದ್ದೀರಾ ಅಬ್ಬಾ," ಎಂದ ಅಕೀಲ್, ಬೆವರು ಒರೆಸಿಕೊಳ್ಳುತ್ತಾ.

ಅಕ್ರಂ ಪಾಷಾ ಹಾಗೆ ಸಿಟ್ಟಾದದ್ದನ್ನು ಆ ಮನೆ ಕಂಡಿರಲಿಲ್ಲ. ಕೊಡತಿಯನ್ನು ಗೋಡೆಗೆ ಎಸೆದರು. "ಏನಂದೆ ಲೇ? ನಲವತ್ತು ವರ್ಸ ಬಡಿದಿರೋ ಕೈ ಇದು! ಪೆಟ್ಟಿಗೆ ಸರಿಯಾಗೇ ಐತೆ. ನಿನ್ ಮೆಷಿನ್ನು ಮಾಡಿರೋ ಮುಚ್ಳ ಕಾಣ್ಲಾ ಚಿಕ್ಕದು!"

"ಪಟ್ಟಿ ಅಳತೆಗೇ ಹಾಕಿದ್ದೀನಿ! ಗುರುತಿಗೆ ಗುರುತು!"

"ಹಂಗಾದ್ರೆ ಯಾಕೆ ಕೂರಲ್ಲ? ಹೇಳು, ಯಾಕೆ?"

ಅಪ್ಪನಿಗೂ ಗೊತ್ತಿರಲಿಲ್ಲ, ಮಗನಿಗೂ ಗೊತ್ತಿರಲಿಲ್ಲ. ಸುಲ್ತಾನ್ ಬೀ ಇಬ್ಬರನ್ನೂ ನೋಡಿದರು. ಕೊನೆಗೆ ಅಡುಗೆಮನೆಯ ಕಡೆ ನೋಡಿದರು.

ಬುಷ್ರಾ ಬಂದಳು. ಒಂದು ಮುಚ್ಚಳ ಎತ್ತಿ ಮೂಲೆಯನ್ನು ಹೆಬ್ಬೆರಳಲ್ಲಿ ಸವರಿದಳು. ಆಮೇಲೆ ಪೆಟ್ಟಿಗೆಯ ಮೂಲೆ ಸವರಿದಳು.

"ಮಾಮಾ ಕೊಡತೀಲಿ ಮಡಚಿದ್ರೆ ಮೂಲೆ ದುಂಡಗೆ ಹೊರಕ್ಕೆ ಉಬ್ಬುತ್ತೆ. ಅಜ್ಜ ಆ ದುಂಡು ಲೆಕ್ಕ ಹಿಡಿದೇ ಪಟ್ಟಿ ಕೊರೆದಿರೋದು. ಮೆಷಿನ್ನು ಚೂಪಾಗಿ ಮಡಚುತ್ತೆ, ಉಬ್ಬು ಇರಲ್ಲ. ಎರಡೂ ಕಡೆ ಸೇರಿ ಅಷ್ಟು ಚಿಕ್ಕದಾಯ್ತು. ಒಂದು ಚೂರು ಮಡಚಿ ನೋಡಿದ್ರೆ ಅಲ್ಲೇ ಗೊತ್ತಾಗ್ತಿತ್ತು."

ಅಕ್ಸಾ ಬ್ಯಾಂಡೇಜಿನ ಕಾಲು ಚಾಚಿ ಕೂತು ಎಲ್ಲರ ಮುಖವನ್ನೂ ನೋಡುತ್ತಿದ್ದಳು.

"ಈಗೇನು ಮಾಡೋದು?" ಅಕ್ರಂ ಪಾಷಾ ಕೇಳಿದ್ದು ಮಗನನ್ನಲ್ಲ.

"ಹೊಸ ಶೀಟು ತರಿಸಿ. ನಾಳೆ ಗೀಟು ಹಾಕ್ತೀನಿ, ಕೈಯಲ್ಲೇ ಮಡಚೋಣ." ಬುಷ್ರಾ ಮುಚ್ಚಳ ಕೆಳಗಿಟ್ಟಳು. "ಆದ್ರೆ ಮೆಷಿನ್ನು ಆರಿಸೋಕೆ ನಾನೂ ಬರ್ತೀನಿ. ನನಗೂ ಮೆಷಿನ್ನು ಬೇಕು. ಮಾಮಾರ ಭುಜ ನಾನೂ ನೋಡ್ತಿದ್ದೀನಿ. ಆದ್ರೆ ಅದು ಮನೆಗೇ ಬರ್ಬೇಕು. ಹತ್ತು ವರ್ಷ ಈ ಮನೆ ಟ್ರಂಕಿಗೆಲ್ಲ ಗೀಟು ಹಾಕಿದ್ದು ನಾನು. ಶೆಡ್ಡು ಮಾಡಿ ನನ್ನ ಆಚೆ ಇಟ್ರೆ ನಾಳೆದೂ ನೀವೇ ಹಾಕ್ಕೊಳ್ಳಿ."

"ಕೇಳಿದ್ಯಾ ಅಮ್ಮಿ, ಇವಳ ಮಾತು?" ಎಂದು ಅಕೀಲ್ ಎದ್ದು ನಿಂತ.

ಸುಲ್ತಾನ್ ಬೀ ಮೊಮ್ಮಗಳ ಕಡೆ ಬಗ್ಗಿದರು. "ಕೇಳಿದೆ. ಶುಕ್ರವಾರ ಆ ಕೊಪ್ಪದೋಳು ಬಂದು ಬಾಗ್ಲಲ್ಲಿ ನಿಂತು ಬಾಯಿ ಮಾಡ್ತಾಳಲ್ಲ, ಅದನ್ನೂ ಕೇಳ್ಬೇಕಾಗ್ತದೆ," ಎಂದು ಮೊಮ್ಮಗಳನ್ನು ಎತ್ತಿಕೊಂಡು ಒಳಗೆ ಹೋದರು.

ಗುರುವಾರ ಇಡೀ ದಿನ ಮನೆಯಲ್ಲಿ ಬಡಿತವೇ ಬಡಿತ. ಭುಜ ಎತ್ತಲಾರದ ಅಪ್ಪನ ಕೈಯಿಂದ ಅಕೀಲ್ ಕೊಡತಿ ಈಸಿಕೊಂಡ. ಬುಷ್ರಾ ಚೂರು ಮಡಚಿಸಿ, ಅಳೆದು, ಗೀಟು ಹಾಕಿದಳು. ಚೂರಿನ ಕೆಲಸ ಮುಗಿದ ಕೂಡಲೇ ಅದನ್ನು ಡಬ್ಬಕ್ಕೆ ಹಾಕಿದಳು. ಮಧ್ಯಾಹ್ನ ಸುಲ್ತಾನ್ ಬೀ ಮುದ್ದೆ, ಉಪ್ಸಾರು ತಾವೇ ಮಾಡಿ, ತಟ್ಟೆಯನ್ನು ಸೊಸೆಯ ಪಕ್ಕ ಶೀಟಿನ ಮೇಲೆಯೇ ಇಟ್ಟು ಹೋದರು.

ಶುಕ್ರವಾರ ಯಶೋದಮ್ಮ ಒಂದೊಂದು ಮುಚ್ಚಳವನ್ನೂ ಹಾಕಿ ತೆಗೆದು ನೋಡಿದರು. ಎಲ್ಲವೂ ಟಪ್ಪೆಂದು ಕೂತವು. ಮೂಲೆಯಲ್ಲಿ ಪೇರಿಸಿದ್ದ ಚಿಕ್ಕ ಮುಚ್ಚಳಗಳು ಅವರ ಕಣ್ಣಿಗೆ ಬಿದ್ದವು.

"ಇವೇನು?"

ಅಕೀಲ್ ನೆಲ ನೋಡಿದ.

"ಅವು ಕೆಟ್ಟೋದವು," ಎಂದರು ಅಕ್ರಂ ಪಾಷಾ.

"ಕೊಡಿ ಇತ್ಲಾಗೆ, ಕೋಳಿಗೆ ನೀರಿಕ್ಕಕ್ಕೆ ಆಯ್ತದೆ." ಹನ್ನೊಂದನ್ನು ಟೆಂಪೋಗೆ ಹಾಕಿಸಿಕೊಂಡರು. ಅಕೀಲ್ ಗುದ್ದಿ ಸೊಟ್ಟಗೆ ಮಾಡಿದ್ದು ಅಲ್ಲೇ ಉಳಿಯಿತು.

ಮುಂದಿನ ವಾರ ಮೆಷಿನ್ನು ಆರಿಸಲು ಅಪ್ಪ, ಮಗ, ಸೊಸೆ ಮೂವರೂ ಮಂಡ್ಯದ ಬಸ್ಸು ಹತ್ತಿದರು. ಅಕೀಲ್ ಡ್ರೈವರ್ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತ. ಬುಷ್ರಾ ಮಾವನ ಜೊತೆ ಕೂತಳು. ಅವಳ ತೊಡೆಯ ಮೇಲೆ ಕರ್ಚೀಪಿನಲ್ಲಿ ಕಟ್ಟಿದ ಚೂರುಗಳ ಗಂಟು, ಬುರ್ಖಾದ ಜೇಬಿನಲ್ಲಿ ಮನೆಯ ಬಾಗಿಲಿನ ಅಗಲಕ್ಕೆ ಗಂಟು ಹಾಕಿದ ದಾರ.

ಮೆಷಿನ್ ಅಂಗಡಿಯ ರವಿಚಂದ್ರ ಅಕೀಲನ ಕೈ ಕುಲುಕಿ, ಎಂಟಡಿಯ ಮೋಟರ್ ಮೆಷಿನ್ನಿನ ಮುಂದೆ ನಿಲ್ಲಿಸಿ ಗುಣಗಾನ ಶುರು ಮಾಡಿದ. ಹತ್ತು ನಿಮಿಷವಾದರೂ ಅವನು ಬುಷ್ರಾಳ ಕಡೆ ನೋಡಲಿಲ್ಲ. ಅವಳೇ ಮುಂದೆ ಬಂದು ಕರ್ಚೀಪು ಬಿಚ್ಚಿದಳು.

"ಇವು ಮೂರನ್ನೂ ಒಟ್ಟಿಗೆ ಮಡಚಿ ಕೊಡಿ. ಒಂದು ಈ ತುದೀಲಿ, ಒಂದು ಆ ತುದೀಲಿ, ಒಂದು ಮಧ್ಯದಲ್ಲಿ."

"ಅಷ್ಟು ಚಿಕ್ಕದ್ರಲ್ಲಿ ಏನು ಗೊತ್ತಾಗುತ್ತಮ್ಮಾ?" ಎಂದು ನಕ್ಕ ರವಿಚಂದ್ರ. ಆದರೂ ಮಡಚಿಕೊಟ್ಟ.

ಬುಷ್ರಾ ಮೂರು ಚೂರನ್ನೂ ಗಂಡನ ಅಂಗೈಗೆ ಹಾಕಿ, ಜೊತೆಗೆ ಮೂಲೆ ನೇರವಿದೆಯೇ ಎಂದು ನೋಡುವ ಮೂಲೆಮಟ್ಟ ಕೊಟ್ಟಳು. ಅಕೀಲ್ ಒಂದೊಂದಾಗಿ ಹಿಡಿದು ನೋಡಿದ. ತುದಿಯ ಎರಡೂ ಸರಿಯಾಗಿದ್ದವು. ನಡುವಿನದು ಪೂರ್ತಿ ಮಡಚದೆ ಬಾಯಿ ತೆರೆದುಕೊಂಡಿತ್ತು. ಉದ್ದದ ಮೆಷಿನ್ನು ನಡುವಿನಲ್ಲಿ ಸೋಲುತ್ತಿತ್ತು. ಅವನು ಇನ್ನೊಮ್ಮೆ ನೋಡಿದ, ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದ. ಇದೇ ಮೆಷಿನ್ನಿಗೆ ಅವನು ಶೆಡ್ಡು ಹಿಡಿದಿದ್ದ, ಇದಕ್ಕಾಗಿಯೇ ಹೆಂಡತಿಯ ಬಾಯಿ ಮುಚ್ಚಿಸಿದ್ದ.

"ಅದು ಸೆಟ್ಟಿಂಗ್ ಮಾಡ್ಕೊಂಡ್ರೆ ಸರಿ ಹೋಗುತ್ತೆ ಸಾರ್," ಎಂದ ರವಿಚಂದ್ರ.

ಅಕೀಲ್ ಚೂರುಗಳನ್ನು ಹೆಂಡತಿಗೆ ಹಿಂದಕ್ಕೆ ಕೊಟ್ಟ. ಅವಳ ಮುಖ ನೋಡಲಿಲ್ಲ. "ನಾಕಡೀದು ತೋರ್ಸಿ," ಎಂದ.

ನಾಲ್ಕಡಿಯವು ಎರಡಿದ್ದವು. ಬುಷ್ರಾ ಮೊದಲನೆಯದರ ಹಿಡಿಗೆ ಕೈ ಹಾಕಿದಾಗ ರವಿಚಂದ್ರ ಅಡ್ಡ ಬಂದ. "ಬೇಡಿ ಅಮ್ಮಾ, ಭಾರ ಇದೆ. ಅಣ್ಣ ಎಳೀತಾರೆ."

"ಇನ್ಮೇಲೆ ದಿನಾ ಎಳಿಯೋಳು ಅವ್ಳೇ ಕಣಪ್ಪ," ಎಂದರು ಅಕ್ರಂ ಪಾಷಾ. "ಎಳೀಲಿ ಬುಡು."

ಮೊದಲನೆಯದರ ಹಿಡಿ ಎದೆಯೆತ್ತರದಿಂದ ಶುರುವಾಗುತ್ತಿತ್ತು, ಅವಳು ತುದಿಗಾಲಲ್ಲಿ ನಿಲ್ಲಬೇಕಾಯಿತು. ಎರಡನೆಯದು ಸೊಂಟದ ಮಟ್ಟದ್ದು. ಮೈಭಾರ ಕೊಟ್ಟು ಎಳೆದಳು. ಚೂರು ಸದ್ದಿಲ್ಲದೆ ಮಡಚಿಕೊಂಡಿತು. ಎಡ, ಬಲ, ನಡು, ಮೂರೂ ಒಂದೇ ಸಮ. ದಾರ ತೆಗೆದು ಮೆಷಿನ್ನಿನ ಅಗಲ ಅಳೆದಳು. ಅಡ್ಡಡ್ಡಲಾಗಿ ಹೋಗುವುದಿಲ್ಲ, ಉದ್ದುದ್ದವಾಗಿ ತಳ್ಳಿದರೆ ಬಾಗಿಲಲ್ಲಿ ನಾಲ್ಕು ಬೆರಳು ಮಿಗುತ್ತದೆ.

"ಇದು," ಎಂದಳು.

ಮೆಷಿನ್ನು ಹೊಸಿಲು ದಾಟಿದ ದಿನ ಸುಲ್ತಾನ್ ಬೀ ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತರು. "ನನ್ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ ಅನ್ನಿ!"

"ಅಮ್ಮಿ, ಗೋಡೆ ಕಡೆ ಅರ್ಧ ಮಾತ್ರ ನಮಗೆ. ಮಧ್ಯೆ ಹಲಗೆ ಅಡ್ಡ ಹಾಕ್ತೀವಿ, ಈ ಕಡೆ ನೀವು ಚಾಪೆ ಹಾಸಿ," ಎಂದಳು ಬುಷ್ರಾ. "ಚೂರೆಲ್ಲಾ ಇದಕ್ಕೇ." ಅವಳ ಕೈಯಲ್ಲೊಂದು ಹೊಸ ಡಬ್ಬವಿತ್ತು. ಅದರ ಬಾಯಿಗೆ ಆ ಹನ್ನೆರಡನೆಯ ಮುಚ್ಚಳ. ಸೊಟ್ಟ ಅಂಚು ತಟ್ಟಿ ನೆಟ್ಟಗೆ ಮಾಡಿ, ಅದರ ಅಳತೆಗೇ ಡಬ್ಬ ಮಾಡಿದ್ದಳು.

"ಒಂದು ಚೂರು ನನ್ ಕಾಲಿಗೆ ಸಿಗ್ಲಿ, ಆವತ್ತೈತೆ," ಎಂದು ಸುಲ್ತಾನ್ ಬೀ ದಾರಿ ಬಿಟ್ಟರು.

ದೊಡ್ಡಸಿದ್ದಯ್ಯ ಗೊಣಗಿಕೊಂಡು ಅಡ್ವಾನ್ಸು ವಾಪಸು ಕೊಟ್ಟ. ಅಕೀಲ್ ಹೆಂಡತಿಗೆ ತಪ್ಪಾಯಿತೆಂದೂ ಅನ್ನಲಿಲ್ಲ, ಸರಿಯಾಯಿತೆಂದೂ ಅನ್ನಲಿಲ್ಲ. ಎರಡು ವಾರ ಅವನು ಆ ಮೆಷಿನ್ನು ಮುಟ್ಟಲೂ ಇಲ್ಲ. ಟ್ರಂಕಿಗೆ ಚಿಲಕ ಹೊಡೆಯುವುದು, ಬಣ್ಣ ಬಳಿಯುವುದು ಅಷ್ಟೇ ಮಾಡಿಕೊಂಡಿದ್ದ. ಮೆಷಿನ್ನು ಮನೆಗೆ ಬಂತು, ಗಂಡ ಮನೆಯಿಂದ ಆಚೆ ಹೋದನೇನೋ ಎಂದು ಬುಷ್ರಾ ಒಳಗೊಳಗೇ ಕೊರಗಿದಳು.

ಆ ಭಾನುವಾರ ಯಶೋದಮ್ಮ ಮತ್ತೆ ಬಂದರು. ಜೊತೆಗೆ ಬಂಡೂರಿನಲ್ಲಿ ಕುರಿ ಸಾಕಿರುವ ಅವರ ನಾದಿನಿ ಚಿಕ್ಕಬೋರಮ್ಮ. ಅವರಿಗೆ ದಪ್ಪ ತಗಡಿನ ಪೆಟ್ಟಿಗೆ ಬೇಕಿತ್ತು. ಅಕ್ರಂ ಪಾಷಾ ನಮಾಜಿಗೆ ಹೋಗಿದ್ದರು. ಬುಷ್ರಾ ಒಳಗೆ ರೊಟ್ಟಿ ಸುಡುತ್ತಿದ್ದಳು. ಅಕೀಲ್ ಒಬ್ಬನೇ ದಪ್ಪ ಶೀಟಿನ ಮುಂದೆ ಪಟ್ಟಿ ಹಿಡಿದು ಕೂತಿದ್ದ.

"ಎಷ್ಟುದ್ದ ಆಯ್ತದೆ, ಎಷ್ಟಗಲ ಆಯ್ತದೆ, ಹೇಳಪ್ಪ," ಎಂದು ಚಿಕ್ಕಬೋರಮ್ಮ ಅವಸರ ಮಾಡಿದರು.

ಅಕೀಲ್ ಪಟ್ಟಿಯನ್ನು ಕೆಳಗಿಟ್ಟ. ಆಮೇಲೆ ಕತ್ತರಿ ಕಚಕ್ಕೆಂದಿತು. ಮೆಷಿನ್ನಿನ ಹಿಡಿ ಒಂದು ಸಲ ಏರಿ ಇಳಿಯಿತು. ಅಕೀಲ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅವನ ಅಂಗೈಯಲ್ಲಿ ಮಡಚಿದ ಚೂರಿತ್ತು.

"ಬುಷ್ರಾ," ಎಂದ. ದನಿ ತಗ್ಗಿಸಲಿಲ್ಲ. ಹೊರಗಿದ್ದ ಇಬ್ಬರು ಹೆಂಗಸರಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಕೇಳಿದ. "ಇದು ಮಡಚ್ಕೊಳ್ಳಕ್ಕೆ ಎಷ್ಟು ತಗಡು ತಗೊಂಡೈತೆ ನೋಡು. ಗೀಟು ಎಲ್ಲಿ ಹಾಕೋದು?"

ಬುಷ್ರಾ ತವದ ಮೇಲಿನ ರೊಟ್ಟಿ ನೋಡಿದಳು, ಚೂರು ನೋಡಿದಳು. ಅಷ್ಟರಲ್ಲಿ ಸುಲ್ತಾನ್ ಬೀ ಹಿಂದಿನಿಂದ ಬಂದು ಅವಳ ಕೈಯಿಂದ ಇಕ್ಕಳ ಕಸಿದುಕೊಂಡರು.

"ಹಿಟ್ಟಿನ ಕೈ ತೊಳ್ಕೊಂಡು ಹೋಗು," ಎಂದು ಗದರಿದರು. "ರೊಟ್ಟಿ ನಾನು ನೋಡ್ಕತೀನಿ."